ಶೇಷ ಹೇಳಿ ಸುಮ್ಮನಾಗುವ ಬೆಳಕು

ಬೆಳಕಿನ ಅಲೆಯನ್ನೇ ಗಜಕಡ್ಡಿ ಮಾಡಿಕೊಂಡು ನೂರಮೂವತ್ತು ವರ್ಷ ದಾಟಿತು. ಪ್ರೋಟಾನಿಗಿಂತ ಚಿಕ್ಕ ಅಲುಗಾಟವನ್ನೂ ಅದು ಹಿಡಿದುಕೊಡುತ್ತದೆ. ಆದರೆ ‘ಇಲ್ಲಿಂದ ಅಲ್ಲಿಗೆ ಒಟ್ಟು ಎಷ್ಟು ದೂರ?’ ಎಂದು ನೇರವಾಗಿ ಕೇಳಿ ನೋಡಿ, ತಡವರಿಸುತ್ತದೆ. ಆ ಉತ್ತರವನ್ನು ಅದರ ಬಾಯಿಂದ ಹೊರಡಿಸಿದ್ದು ಹೇಗೆ?

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋದವರಿಗೆ ಈ ಯಂತ್ರ ಗೊತ್ತು. ಗದ್ದವನ್ನು ಒಂದು ಪಟ್ಟಿಯ ಮೇಲಿಟ್ಟು, ಹಣೆಯನ್ನು ಇನ್ನೊಂದಕ್ಕೆ ಒತ್ತಿ ಕೂತರೆ ‘ಒಳಗಿನ ದೀಪ ನೋಡ್ತಾ ಇರಿ, ರೆಪ್ಪೆ ಬಡೀಬೇಡಿ’ ಎನ್ನುತ್ತಾರೆ. ಕೆಲವೇ ಸೆಕೆಂಡು. ಪರದೆಯ ಮೇಲೆ 23.61 ಮಿಲಿಮೀಟರ್ ಎಂದೋ 24.08 ಎಂದೋ ಒಂದು ಸಂಖ್ಯೆ ಮೂಡುತ್ತದೆ. ಕಾರ್ನಿಯಾದಿಂದ ಅಕ್ಷಿಪಟಲದವರೆಗೆ ಕಣ್ಣಿನ ಉದ್ದ ಅದು. ಒಳಗೆ ಕೂರಿಸುವ ಕೃತಕ ಮಸೂರದ ಪವರ್ ಎಷ್ಟಿರಬೇಕು ಎಂಬ ಲೆಕ್ಕ ನಿಂತಿರುವುದು ಮುಖ್ಯವಾಗಿ ಈ ಸಂಖ್ಯೆಯ ಮೇಲೆ. ಒಂದು ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರು ಎರಡೂವರೆ-ಮೂರರಷ್ಟು ಆಚೀಚೆಯಾಗುತ್ತದೆ. ಹಿಂದೆ ಅಲ್ಟ್ರಾಸೌಂಡ್ ಕಡ್ಡಿಯನ್ನು ಕಣ್ಣಿಗೆ ಮುಟ್ಟಿಸಿ ಅಳೆಯುತ್ತಿದ್ದರು. ಮುಟ್ಟಿಸುವಾಗಲೇ ಕಣ್ಣು ಒಂದಿಷ್ಟು ಅದುಮಿಹೋಗಿ ಅಳತೆ ಕುಗ್ಗುತ್ತಿತ್ತು. ಈಗ ಕಣ್ಣನ್ನು ಮುಟ್ಟುವುದು ಬೆಳಕು ಮಾತ್ರ.

ಆ ಯಂತ್ರದ ಹೊಟ್ಟೆಯಲ್ಲಿರುವುದು ಇಂಟರ್‌ಫೆರೋಮೀಟರ್. ಅದರ ದೊಡ್ಡಣ್ಣನೊಬ್ಬ ಅಮೆರಿಕದಲ್ಲಿದ್ದಾನೆ, ಹೆಸರು ಲೈಗೊ. ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳ ಈ ದೈತ್ಯ 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಯನ್ನು ಮೊದಲ ಬಾರಿಗೆ ಹಿಡಿಯಿತು. ಆಗ ಅದರ ತೋಳಿನ ಉದ್ದದಲ್ಲಾದ ವ್ಯತ್ಯಾಸ ಪ್ರೋಟಾನಿನ ಅಗಲದ ಸಾವಿರದ ಒಂದು ಭಾಗದ ಆಸುಪಾಸಿನದು. ಇಷ್ಟು ಸೂಕ್ಷ್ಮ ಯಂತ್ರವನ್ನೇ ‘ನಿನ್ನ ತೋಳು ಒಟ್ಟು ಎಷ್ಟು ಉದ್ದ?’ ಎಂದು ಕೇಳಿದರೆ ಅದೇ ಸೂಕ್ಷ್ಮತೆಯ ಉತ್ತರ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಬದಲಾಯಿತು ಎಂಬುದು. ಎಷ್ಟಿದೆ ಎಂಬುದು ಬೇರೆಯದೇ ಪ್ರಶ್ನೆ. ಕಣ್ಣಾಸ್ಪತ್ರೆಯ ಪುಟ್ಟ ಪೆಟ್ಟಿಗೆ ಉತ್ತರಿಸುತ್ತಿರುವುದು ಈ ಎರಡನೆಯದಕ್ಕೆ. ತಂತ್ರಜ್ಞರ ಮಾತಿನಲ್ಲಿ ಇದು ‘ನಿರಪೇಕ್ಷ ದೂರ’ದ ಅಳತೆ.

ಭಾಗಲಬ್ಧ ನುಂಗುವ ಅಲೆ

ಇಂಟರ್‌ಫೆರೋಮೀಟರಿನ ತತ್ವ ಸರಳ. ಒಂದು ಬೆಳಕಿನ ಕಿರಣವನ್ನು ಅರೆಪಾರಕ ಕನ್ನಡಿಯಿಂದ ಎರಡಾಗಿ ಸೀಳುತ್ತಾರೆ. ಒಂದು ಪಾಲು ಗೊತ್ತಿರುವ ದಾರಿಯಲ್ಲಿ ಹೋಗಿ ಬರುತ್ತದೆ, ಇನ್ನೊಂದು ಅಳೆಯಬೇಕಾದ ದಾರಿಯಲ್ಲಿ. ಮರಳಿ ಸೇರಿದಾಗ ಅಲೆಯ ಉಬ್ಬಿಗೆ ಉಬ್ಬು ಕೂಡಿದರೆ ಬೆಳಕು ಹೆಚ್ಚುತ್ತದೆ, ಉಬ್ಬಿಗೆ ತಗ್ಗು ಎದುರಾದರೆ ಕತ್ತಲಾಗುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ವ್ಯತಿಕರಣ ಎನ್ನುತ್ತಾರೆ. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿನ ತರಂಗಾಂತರ 633 ನ್ಯಾನೊಮೀಟರ್. ಬೆಳಕು ಹೋಗಿ ಬರುವುದರಿಂದ, ದೂರದ ಕನ್ನಡಿ ಅದರ ಅರ್ಧದಷ್ಟು, ಅಂದರೆ 316 ನ್ಯಾನೊಮೀಟರ್ ಸರಿದರೆ ಬೆಳಕು-ಕತ್ತಲಿನ ಒಂದು ಸುತ್ತು ಮುಗಿಯುತ್ತದೆ.

ತೊಡಕು ಇಲ್ಲೇ ಇದೆ. ಒಂದು ಸುತ್ತಿನೊಳಗೆ ಕನ್ನಡಿ ಎಲ್ಲಿದೆ ಎಂಬುದನ್ನು ಬೆಳಕು ಬಹಳ ನಿಖರವಾಗಿ, ನ್ಯಾನೊಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಅದರ ಹಿಂದೆ ಎಷ್ಟು ಪೂರ್ಣ ಸುತ್ತುಗಳಿವೆ ಎಂಬುದನ್ನು ಹೇಳುವುದಿಲ್ಲ. ಸಾವಿರದ ಸುತ್ತಿಗೂ ಸಾವಿರದೊಂದನೆಯ ಸುತ್ತಿಗೂ ಅದರ ಮುಖದಲ್ಲಿ ವ್ಯತ್ಯಾಸವಿಲ್ಲ. ಶಾಲೆಯ ಭಾಗಾಕಾರದ ಭಾಷೆಯಲ್ಲಿ ಹೇಳಿದರೆ ದೂರವನ್ನು ಅರ್ಧ ತರಂಗಾಂತರದಿಂದ ಭಾಗಿಸಿ ಬೆಳಕು ನಮಗೆ ಶೇಷವನ್ನು ಮಾತ್ರ ಕೊಡುತ್ತದೆ, ಭಾಗಲಬ್ಧವನ್ನು ನುಂಗಿಬಿಡುತ್ತದೆ. ಒಂದು ಮೀಟರಿನಲ್ಲಿ ಇಂಥ ಸುತ್ತುಗಳು ಸುಮಾರು 31 ಲಕ್ಷ 60 ಸಾವಿರ. ಅವುಗಳಲ್ಲಿ ಒಂದೇ ಒಂದು ಲೆಕ್ಕ ತಪ್ಪಿದರೂ ಅಷ್ಟು ಜೋಪಾನವಾಗಿ ಓದಿದ ಶೇಷಕ್ಕೆ ಬೆಲೆಯಿಲ್ಲ. ಲೇಸರ್ ದೂರಮಾಪನದ ಇತಿಹಾಸದ ಬಹುಪಾಲು ಈ ಕಳೆದುಹೋದ ಪೂರ್ಣಾಂಕವನ್ನು ಹುಡುಕಿದ ಇತಿಹಾಸ.

ಸೆವ್ರ್‌ನಲ್ಲಿ ಮೈಕೆಲ್ಸನ್

ಲೇಸರ್ ಹುಟ್ಟುವ ಮೊದಲೇ ಹುಡುಕಾಟ ಶುರುವಾಗಿತ್ತು. 1892ರಲ್ಲಿ ಅಮೆರಿಕದ ಆಲ್ಬರ್ಟ್ ಮೈಕೆಲ್ಸನ್ ತನ್ನ ಇಂಟರ್‌ಫೆರೋಮೀಟರ್ ಹೊತ್ತು ಪ್ಯಾರಿಸ್ ಪಕ್ಕದ ಸೆವ್ರ್ ಊರಿನ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಬ್ಯೂರೋಗೆ ಬಂದ. ಜಗತ್ತಿನ ‘ಒಂದು ಮೀಟರ್’ ಆಗ ಅಲ್ಲಿನ ನೆಲಮಾಳಿಗೆಯಲ್ಲಿದ್ದ ಪ್ಲಾಟಿನಂ-ಇರಿಡಿಯಂ ಸರಳು. ಅದರ ಉದ್ದದೊಳಗೆ ಕ್ಯಾಡ್ಮಿಯಂ ದೀಪದ ಕೆಂಪು ಬೆಳಕಿನ ಎಷ್ಟು ಅಲೆಗಳು ಹಿಡಿಸುತ್ತವೆಂದು ಎಣಿಸುವುದು ಅವನ ಕೆಲಸ. ಸರಳು ಸುಟ್ಟರೂ ಕರಗಿದರೂ ಮೀಟರನ್ನು ಬೆಳಕಿನಿಂದ ಮತ್ತೆ ಕಟ್ಟಬಹುದು ಎಂಬುದು ಹಿಂದಿನ ಆಸೆ.

ಲಕ್ಷಾಂತರ ಪಟ್ಟೆಗಳನ್ನು ಕಣ್ಣಿನಿಂದ ಎಣಿಸುವುದು ಯಾರಿಂದಲೂ ಆಗದ ಕೆಲಸ. ಮೇಲಾಗಿ ದೀಪದ ಬೆಳಕಿನ ಅಲೆಗಳು ಒಂದಡಿ ದಾಟುವಷ್ಟರಲ್ಲಿ ತಾಳ ತಪ್ಪಿ ಪಟ್ಟೆಗಳೇ ಮಸುಕಾಗುತ್ತವೆ. ಮೈಕೆಲ್ಸನ್ ಒಂಬತ್ತು ಮಧ್ಯಂತರ ಮಾನಕಗಳನ್ನು ಮಾಡಿಸಿದ. ಮೊದಲನೆಯದರ ಉದ್ದ 0.39 ಮಿಲಿಮೀಟರ್, ಮುಂದಿನದು ಪ್ರತಿಯೊಂದೂ ಹಿಂದಿನದರ ಎರಡರಷ್ಟು, ಕೊನೆಯದು ಹತ್ತು ಸೆಂಟಿಮೀಟರ್. ಚಿಕ್ಕದರಲ್ಲಿ ಪಟ್ಟೆಗಳು ಸುಮಾರು 1,200, ಅಷ್ಟನ್ನು ಎಣಿಸಬಹುದು. ದುಪ್ಪಟ್ಟು ಮಾಡಿದಾಗ ಉತ್ತರ ಎಲ್ಲಿ ಬೀಳಬೇಕೆಂಬ ಅಂದಾಜು ಕೈಯಲ್ಲೇ ಇರುತ್ತದೆ. ಉಳಿದ ಭಿನ್ನರಾಶಿಯನ್ನು ಓದಿದರಾಯಿತು. ಪೂರ್ಣಾಂಕ ತಪ್ಪಿಲ್ಲ ಎಂಬ ಖಾತ್ರಿಗೆ ಕೆಂಪಿನ ಜೊತೆ ಹಸಿರು, ನೀಲಿ ಗೆರೆಗಳಲ್ಲೂ ಭಿನ್ನರಾಶಿಗಳನ್ನು ಓದಿ ತಾಳೆ ನೋಡಿದ. ಬ್ಯೂರೋದ ನಿರ್ದೇಶಕ ಬೆನ್ವಾ ಜೊತೆಗೂಡಿ ನಡೆಸಿದ ಈ ಕೆಲಸದ ಕೊನೆಗೆ ಬಂದ ಸಂಖ್ಯೆ 15,53,163.5. 1906ರಲ್ಲಿ ಬೆನ್ವಾ, ಫ್ಯಾಬ್ರಿ, ಪೆರೊ ಬೇರೆ ಬಗೆಯ ಉಪಕರಣದಿಂದ ಮತ್ತೆ ಅಳೆದಾಗ ಬಂದದ್ದು 15,53,164.13. ಹದಿನೈದು ಲಕ್ಷಕ್ಕೂ ಮೀರಿದ ಎಣಿಕೆಯಲ್ಲಿ ವ್ಯತ್ಯಾಸ ಒಂದು ಅಲೆಗಿಂತ ಕಡಿಮೆ. ಅದರ ಮರುವರ್ಷ, 1907ರಲ್ಲಿ, ಮೈಕೆಲ್ಸನ್ನನಿಗೆ ನೊಬೆಲ್ ಬಂತು. ವಿಜ್ಞಾನದಲ್ಲಿ ಅಮೆರಿಕಕ್ಕೆ ಬಂದ ಮೊದಲ ನೊಬೆಲ್ ಅದು.

ಮೀಟರ್ ಬದಲಾದ ಬಗೆ
1791: ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯ ಒಂದು ಪಾಲು ಎಂದು ಫ್ರಾನ್ಸಿನಲ್ಲಿ ತೀರ್ಮಾನ.
1889: ಸೆವ್ರ್‌ನ ಪ್ಲಾಟಿನಂ-ಇರಿಡಿಯಂ ಸರಳಿನ ಮೇಲಿನ ಎರಡು ಗೀರುಗಳ ನಡುವಿನ ದೂರ.
1960: ಕ್ರಿಪ್ಟಾನ್-86ರ ಕಿತ್ತಳೆಗೆಂಪು ಬೆಳಕಿನ 16,50,763.73 ತರಂಗಾಂತರ.
1983: ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಭಾಗದ ಅವಧಿಯಲ್ಲಿ ಸಾಗುವ ದೂರ.

1983ರ ವ್ಯಾಖ್ಯೆಯೊಂದಿಗೆ ಬೆಳಕಿನ ವೇಗ ಅಳೆಯುವ ವಸ್ತುವಾಗಿ ಉಳಿಯಲಿಲ್ಲ. ಒಪ್ಪಿಕೊಂಡು ನಿಗದಿ ಮಾಡಿದ ಸಂಖ್ಯೆಯಾಯಿತು. ಅಂದಿನಿಂದ ಲೇಸರಿನ ಆವೃತ್ತಿ ಗೊತ್ತಿದ್ದವರ ಬಳಿ ಮೀಟರ್ ಇದ್ದಂತೆಯೇ. ಅಯೋಡಿನ್ ಆವಿಯ ಹೀರಿಕೆಯ ಗೆರೆಗೆ ಬಿಗಿದುಕಟ್ಟಿದ ಹೀಲಿಯಂ-ನಿಯಾನ್ ಲೇಸರಿನ ಆವೃತ್ತಿಯ ಅನಿಶ್ಚಿತತೆ ಹತ್ತು ಸಾವಿರ ಕೋಟಿಯಲ್ಲಿ ಎರಡು ಪಾಲಿನಷ್ಟು. ಭಾರತದಲ್ಲಿ ಇಂಥ ಮಾನಕಗಳನ್ನು ಕಾಯುವ ಹೊಣೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು.

ಬೀಮ್ ಕಟ್ ಆಯ್ತು!

ಲೇಸರ್ ಬಂದ ಮೇಲೆ ಎಣಿಕೆಯ ಕಷ್ಟ ಅರ್ಧ ಕರಗಿತು. ಅದರ ಅಲೆಗಳು ನೂರಾರು ಮೀಟರ್ ಹೋದರೂ ತಾಳ ತಪ್ಪುವುದಿಲ್ಲ. ಎಣಿಸುವ ಕೆಲಸವನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟುಗಳಿಗೆ ಬಿಟ್ಟರಾಯಿತು. 1970ರ ದಶಕದಿಂದ ಲೇಸರ್ ಇಂಟರ್‌ಫೆರೋಮೀಟರ್ ಯಂತ್ರೋಪಕರಣ ಕಾರ್ಖಾನೆಗಳಿಗೆ ಕಾಲಿಟ್ಟಿತು. ಬೆಂಗಳೂರಿನಂಥ ಮೆಷಿನ್ ಟೂಲ್ ಊರಿನಲ್ಲಿ ಸಿಎನ್‌ಸಿ ಯಂತ್ರದ ಅಕ್ಷಗಳು ಹೇಳಿದಷ್ಟೇ ಸರಿಯುತ್ತವೆಯೇ ಎಂದು ಪರೀಕ್ಷಿಸುವುದು ಇಂದಿಗೂ ಹೀಗೇ. ಕನ್ನಡಿಯನ್ನು ಯಂತ್ರದ ಮೇಜಿನ ಮೇಲಿಟ್ಟು ಈ ಕೊನೆಯಿಂದ ಆ ಕೊನೆಗೆ ಸರಿಸುತ್ತಾರೆ. ದಾಟಿದ ಪಟ್ಟೆಗಳ ಲೆಕ್ಕವೇ ದೂರದ ಲೆಕ್ಕ.

ಗಮನಿಸಿ: ಇಲ್ಲಿ ಅಳೆದದ್ದು ಕನ್ನಡಿ ಸರಿದ ದೂರ. ಕನ್ನಡಿ ಸರಿಯಲೇಬೇಕು, ಸರಿಯುವಷ್ಟು ಹೊತ್ತೂ ಕಿರಣ ತುಂಡಾಗಬಾರದು. ಈ ಷರತ್ತಿನ ಕಿರುಕುಳ ಪೂರ್ತಿ ಅನುಭವಕ್ಕೆ ಬಂದದ್ದು ಲೇಸರ್ ಟ್ರ್ಯಾಕರ್ ಹುಟ್ಟಿದ ಮೇಲೆ. 1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಕ್ಯಾಮ್ ಲಾವ್ ರೂಪಿಸಿದ ಈ ಉಪಕರಣ ವಿಮಾನದ ರೆಕ್ಕೆಯಂಥ ದೊಡ್ಡ ವಸ್ತುಗಳನ್ನು ಅಳೆಯುತ್ತದೆ. ಒಂದೂವರೆ ಅಂಗುಲದ ಉಕ್ಕಿನ ಚೆಂಡು, ಅದರ ಹೃದಯದಲ್ಲಿ ಬಂದ ದಾರಿಯಲ್ಲೇ ಬೆಳಕನ್ನು ಹಿಂದಿರುಗಿಸುವ ಮೂಲೆಗನ್ನಡಿ. ಚೆಂಡು ಹೋದಲ್ಲೆಲ್ಲ ಟ್ರ್ಯಾಕರಿನ ಕಿರಣ ತಿರುಗಿ ಹಿಂಬಾಲಿಸುತ್ತದೆ.

ಮೊದಲ ಟ್ರ್ಯಾಕರುಗಳಲ್ಲಿ ಚೆಂಡನ್ನು ಯಂತ್ರದ ಮೈಮೇಲಿನ ಗೂಡಿನಿಂದ ಎತ್ತಿಕೊಂಡು, ಕಿರಣ ತಪ್ಪದಂತೆ ಹಿಡಿದು, ರೆಕ್ಕೆಯ ತುದಿಯವರೆಗೂ ನಡೆದು ಹೋಗಬೇಕಿತ್ತು. ಗೂಡಿನ ದೂರ ಮೊದಲೇ ಗೊತ್ತು. ಅಲ್ಲಿಂದ ಮುಂದಿನದೆಲ್ಲ ಕೂಡಿಸುತ್ತಾ ಹೋದ ಎಣಿಕೆ. ದಾರಿಯಲ್ಲಿ ಯಾರೋ ಅಡ್ಡ ಹಾದರು, ತಂತಿಯೊಂದು ಕಿರಣಕ್ಕೆ ಸಿಕ್ಕಿತು, ಕೈ ಒಂದಿಷ್ಟು ತಿರುಗಿತು ಎಂದರೆ ಬೀಮ್ ಕಟ್. ಎಣಿಕೆ ಹೋಯಿತು. ಮರಳಿ ಗೂಡಿಗೆ, ಮತ್ತೆ ಮೊದಲಿಂದ. ಚೆಂಡನ್ನು ಇದ್ದ ಜಾಗದಲ್ಲೇ ಇಟ್ಟು ‘ಎಷ್ಟು ದೂರ?’ ಎಂದು ಕೇಳುವ ವ್ಯವಸ್ಥೆ ಬೇಕೆಂಬ ಒತ್ತಾಯ ಹುಟ್ಟಿದ್ದು ಇಂಥ ಬೇಸರದಿಂದ. ಮುಂದೆ ಟ್ರ್ಯಾಕರುಗಳಲ್ಲಿ ನಿರಪೇಕ್ಷ ದೂರಮಾಪಕಗಳು ಸೇರಿಕೊಂಡವು. ಕಿರಣ ತುಂಡಾದರೆ ಚೆಂಡು ನಿಂತಲ್ಲೇ ಅದು ಮತ್ತೆ ಹಿಡಿದು ದೂರ ಹೇಳುತ್ತದೆ.

ಲೇಸರ್ ಮಿಣುಕು ಕಳಿಸಿ, ಮರಳಲು ಹಿಡಿದ ಸಮಯ ಅಳೆದರೆ ಸಾಲದೇ ಎಂದು ಕೇಳಬಹುದು. ದೂರ ಬಹಳವಿದ್ದರೆ ಸಾಕು. 2023ರ ಡಿಸೆಂಬರ್ 12ರಂದು ನಾಸಾದ ಚಂದ್ರ ಪರಿಭ್ರಮಕ ಕಳಿಸಿದ ಲೇಸರ್ ಮಿಣುಕು ಚಂದ್ರಯಾನ-3ರ ವಿಕ್ರಮ್ ಮೇಲಿನ ಅಂಗೈಗಿಂತ ಚಿಕ್ಕ ಪ್ರತಿಫಲಕಕ್ಕೆ ತಾಗಿ ಮರಳಿದ್ದು ಇದೇ ಉಪಾಯದಲ್ಲಿ. ಆದರೆ ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರ 0.15 ಮಿಲಿಮೀಟರ್ ತಪ್ಪುತ್ತದೆ. ಮೈಕ್ರಾನ್ ಬೇಕೆಂದರೆ ಅಲೆಯ ಬಳಿಗೇ ಬರಬೇಕು. ಬಂದೊಡನೆ ಕಳೆದುಹೋದ ಪೂರ್ಣಾಂಕ ಎದುರಾಗುತ್ತದೆ.

ಮಹಾವೀರಾಚಾರ್ಯನ ಬಾಳೆಹಣ್ಣು

ಶೇಷಗಳಿಂದ ಮೂಲ ಸಂಖ್ಯೆಯನ್ನು ಹೊರತೆಗೆಯುವ ಗಣಿತ ನಮ್ಮ ನೆಲಕ್ಕೆ ಹೊಸದಲ್ಲ. ಆರ್ಯಭಟ ಐದನೇ ಶತಮಾನದ ಕೊನೆಗೇ ಅದನ್ನು ಹೇಳಿದ್ದ. ಮುಂದೆ ಅದಕ್ಕೆ ಕುಟ್ಟಕ ಎಂಬ ಹೆಸರು ನಿಂತಿತು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಲೆಕ್ಕಗಳನ್ನು ಸಾಲುಸಾಲಾಗಿ ಕೊಟ್ಟಿದ್ದಾನೆ. ಒಂದರ ಸಾರ ಇದು: ಬಾಳೆಹಣ್ಣಿನ 63 ಸಮ ರಾಶಿಗಳಿವೆ, ಬಿಡಿಯಾಗಿ 7 ಹಣ್ಣುಗಳಿವೆ. ಎಲ್ಲವನ್ನೂ 23 ಪ್ರಯಾಣಿಕರು ಸಮನಾಗಿ ಹಂಚಿಕೊಂಡರು. ಒಂದು ರಾಶಿಯಲ್ಲಿ ಎಷ್ಟು ಹಣ್ಣು? ಉತ್ತರ 5, ತಲೆಗೆ 14 ಹಣ್ಣು. ಆದರೆ 28 ಎಂದರೂ ಲೆಕ್ಕ ಕೂಡುತ್ತದೆ, 51 ಎಂದರೂ ಕೂಡುತ್ತದೆ. ಪ್ರತಿ 23ಕ್ಕೊಮ್ಮೆ ಉತ್ತರ ಮರುಕಳಿಸುತ್ತದೆ.

ಬೆಳಕಿನ ಲೆಕ್ಕವೂ ಈ ಜಾತಿಯದೇ. ಒಂದು ದೂರವನ್ನು 7ರ ಅಳತೆಗೋಲಿನಿಂದ ಅಳೆದಾಗ ಶೇಷ 3, 9ರ ಗೋಲಿನಿಂದ ಅಳೆದಾಗ ಶೇಷ 5 ಎಂದಿಟ್ಟುಕೊಳ್ಳಿ. 63ರೊಳಗೆ ಈ ಎರಡೂ ಶೇಷ ಕೊಡುವ ಸಂಖ್ಯೆ ಒಂದೇ: 59. 11ರ ಇನ್ನೊಂದು ಗೋಲು ಸೇರಿಸಿದರೆ 693ರವರೆಗೂ ಗೊಂದಲವಿಲ್ಲ. ಗೋಲುಗಳೆಂದರೆ ಇಲ್ಲಿ ಬೇರೆಬೇರೆ ಬಣ್ಣದ ಲೇಸರುಗಳು. ಮೈಕೆಲ್ಸನ್ನನ ಕೆಂಪು, ಹಸಿರು, ನೀಲಿಯ ತಾಳೆಯ ಹಿಂದಿದ್ದ ತರ್ಕವೂ ಇದೇ.

ಪುಸ್ತಕದ ಲೆಕ್ಕದಲ್ಲಿ ಶೇಷ ಯಾವಾಗಲೂ ಸರಿ. ಪ್ರಯೋಗಾಲಯದಲ್ಲಿ ಶೇಷದಲ್ಲೂ ಒಂದಿಷ್ಟು ತಪ್ಪಿರುತ್ತದೆ. ಮೇಲಿನ ಉದಾಹರಣೆಯಲ್ಲಿ 9ರ ಶೇಷವನ್ನು 5ರ ಬದಲು 4 ಎಂದು ಓದಿದರೆ ಉತ್ತರ 58ಕ್ಕೋ 60ಕ್ಕೋ ಸರಿಯುವುದಿಲ್ಲ. ಒಂದೇ ನೆಗೆತಕ್ಕೆ 31ಕ್ಕೆ ಹೋಗಿ ಬೀಳುತ್ತದೆ. ನಿರಪೇಕ್ಷ ಅಳತೆಯ ಸ್ವಭಾವವೇ ಹಾಗೆ. ಸರಿಯಿದ್ದರೆ ಪೂರ್ತಿ ಸರಿ, ತಪ್ಪಿದರೆ ಊರಾಚೆಗೆ ತಪ್ಪು. ಈ ವಿದ್ಯೆಯ ಜಾಣತನವೆಲ್ಲ ಆ ನೆಗೆತವನ್ನು ತಡೆಯುವುದರಲ್ಲಿ ಖರ್ಚಾಗುತ್ತದೆ.

ಇಲ್ಲದ ಅಲೆಯಿಂದ ಅಳತೆ

ತಡೆಯುವ ಒಂದು ದಾರಿ ‘ಸಂಶ್ಲೇಷಿತ ತರಂಗಾಂತರ’. ಬಹಳ ಹತ್ತಿರದ ಆವೃತ್ತಿಯ ಎರಡು ಲೇಸರುಗಳನ್ನು ಒಟ್ಟಿಗೆ ಕಳಿಸುತ್ತಾರೆ. ಎರಡರ ಶೇಷಗಳ ವ್ಯತ್ಯಾಸವನ್ನು ನೋಡಿದರೆ, ನಿಜದಲ್ಲಿ ಇಲ್ಲದ ಒಂದು ಉದ್ದನೆಯ ಅಲೆಯಿಂದ ಅಳೆದಂತಾಗುತ್ತದೆ. ಆವೃತ್ತಿಗಳ ಅಂತರ ಒಂದು ಗಿಗಾಹರ್ಟ್ಸ್ ಇದ್ದರೆ ಆ ಅಲೆಯ ಉದ್ದ 30 ಸೆಂಟಿಮೀಟರ್. ಗೊಂದಲವಿಲ್ಲದ ವ್ಯಾಪ್ತಿ 0.3 ಮೈಕ್ರಾನಿನಿಂದ 15 ಸೆಂಟಿಮೀಟರಿಗೆ ಜಿಗಿಯಿತು. ಆದರೆ ಅಲೆ ಹಿಗ್ಗಿದಂತೆ ತಪ್ಪೂ ಹಿಗ್ಗುತ್ತದೆ. ಶೇಷವನ್ನು ಸಾವಿರದ ಒಂದು ಪಾಲಿನವರೆಗೆ ಓದಿದರೂ 30 ಸೆಂಟಿಮೀಟರಿನ ಅಲೆ 0.15 ಮಿಲಿಮೀಟರ್ ತನಕ ಮಾತ್ರ ಹೇಳೀತು. ಆದ್ದರಿಂದ ಉದ್ದನೆಯದರಿಂದ ಮಧ್ಯಮಕ್ಕೆ, ಮಧ್ಯಮದಿಂದ ಚಿಕ್ಕದಕ್ಕೆ, ಕೊನೆಗೆ ನಿಜವಾದ ಬೆಳಕಿನ ಅಲೆಗೆ ಮೆಟ್ಟಿಲಿಳಿದಂತೆ ಇಳಿಯಬೇಕು. ಪ್ರತಿ ಮೆಟ್ಟಿಲಿನ ತಪ್ಪು ಮುಂದಿನ ಮೆಟ್ಟಿಲಿನ ಅರ್ಧ ಅಲೆಯೊಳಗೆ ಇರಲೇಬೇಕು. ಇಲ್ಲವಾದರೆ 59 ಹೋಗಿ 31 ಆದಂತೆಯೇ.

ಎರಡನೆಯ ದಾರಿಯಲ್ಲಿ ಕನ್ನಡಿ ಅಲ್ಲಾಡುವುದಿಲ್ಲ, ಲೇಸರಿನ ಬಣ್ಣ ಸರಿಯುತ್ತದೆ. ಆವೃತ್ತಿಯನ್ನು ನಿಧಾನಕ್ಕೆ ಏರಿಸುತ್ತಾ ಹೋದರೆ ನಿಂತ ಕನ್ನಡಿಯಿಂದಲೂ ಪಟ್ಟೆಗಳು ಹರಿಯತೊಡಗುತ್ತವೆ. ದೂರ ಹೆಚ್ಚಿದಷ್ಟೂ ಪಟ್ಟೆಗಳು ಹೆಚ್ಚು. ಒಂದು ಟೆರಾಹರ್ಟ್ಸ್ ಏರಿಸಿದಾಗ ಹತ್ತು ಮೀಟರಿನ ದೂರ ಸುಮಾರು 66,700 ಪಟ್ಟೆಗಳನ್ನು ಕೊಡುತ್ತದೆ. ಆವೃತ್ತಿ ಎಷ್ಟು ಏರಿತೆಂಬುದನ್ನು ಅನಿಲದ ಹೀರಿಕೆಯ ಗೆರೆಗಳಿಂದಲೋ, ಉದ್ದ ಗೊತ್ತಿರುವ ಇನ್ನೊಂದು ಇಂಟರ್‌ಫೆರೋಮೀಟರಿನಿಂದಲೋ ತಿಳಿದುಕೊಂಡರೆ ಭಾಗಾಕಾರವೊಂದರಿಂದ ದೂರ ಸಿಗುತ್ತದೆ.

ಇದಕ್ಕೂ ಒಂದು ಶಾಪವಿದೆ. ಏರಿಸುವ ಹೊತ್ತಿನಲ್ಲಿ ಕನ್ನಡಿ ಒಂದಿಷ್ಟೇ ಅಲುಗಿದರೂ ಆ ಅಲುಗಾಟ ನೂರಾರು ಪಟ್ಟಾಗಿ ಉತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. 193 ಟೆರಾಹರ್ಟ್ಸಿನ ಲೇಸರನ್ನು ಒಂದು ಟೆರಾಹರ್ಟ್ಸ್ ಸರಿಸಿದರೆ ಒಂದು ಮೈಕ್ರಾನಿನ ಅಲುಗಾಟ 193 ಮೈಕ್ರಾನಿನ ತಪ್ಪಾಗುತ್ತದೆ. ಪರಿಹಾರವೂ ಸೊಗಸಾಗಿದೆ. ಎರಡು ಲೇಸರ್ ಇಟ್ಟು, ಒಂದನ್ನು ಏರಿಸುತ್ತಾ ಇನ್ನೊಂದನ್ನು ಇಳಿಸಿದರೆ ಅಲುಗಾಟದ ತಪ್ಪು ಒಂದರಲ್ಲಿ ಕೂಡುತ್ತದೆ, ಇನ್ನೊಂದರಲ್ಲಿ ಕಳೆಯುತ್ತದೆ, ಸರಾಸರಿಯಲ್ಲಿ ಅಳಿಸಿಹೋಗುತ್ತದೆ.

ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್ ಈ ತಂತ್ರಕ್ಕೆ ಮೊರೆಹೋದದ್ದು ಬೇರೆ ದಾರಿ ಇರಲಿಲ್ಲವೆಂದೇ. ಅಟ್ಲಾಸ್ ಶೋಧಕದ ಗರ್ಭದಲ್ಲಿ ಸಿಲಿಕಾನ್ ಪದರಗಳಿವೆ. ಕಣಗಳ ಡಿಕ್ಕಿ ನಡೆಯುವಾಗ ವಿಕಿರಣದಿಂದಾಗಿ ಅಲ್ಲಿಗೆ ಮನುಷ್ಯರು ಹೋಗುವಂತಿಲ್ಲ. ಶಾಖ, ತೇವದ ಬದಲಾವಣೆಗೆ ಚೌಕಟ್ಟು ಮೈಕ್ರಾನುಗಳ ಲೆಕ್ಕದಲ್ಲಿ ಸೊಟ್ಟಗಾದರೂ ಕಣದ ಜಾಡು ತಪ್ಪುತ್ತದೆ. ಆಕ್ಸ್‌ಫರ್ಡಿನ ತಂಡ ಅಲ್ಲಿ ಕೂದಲೆಳೆಯಂಥ ಆಪ್ಟಿಕಲ್ ಫೈಬರುಗಳಿಂದ 842 ದೂರಗಳ ಜಾಲ ಹೆಣೆದು, ಆವೃತ್ತಿ ಸರಿಸುವ ಲೇಸರಿನಿಂದ ಅಷ್ಟನ್ನೂ ಒಟ್ಟಿಗೆ ಅಳೆಯುವ ವ್ಯವಸ್ಥೆ ಕಟ್ಟಿತು. ಇದೇ ತತ್ವ ಮುಂದೆ ಮಾರುಕಟ್ಟೆಗೂ ಬಂತು. ಒಂದೇ ಪೆಟ್ಟಿಗೆಯಿಂದ ಹತ್ತಾರು ಫೈಬರುಗಳು ಹೊರಟು, ಒಂದು ಮೀಟರಿಗೆ ಅರ್ಧ ಮೈಕ್ರಾನಿನ ಖಾತ್ರಿಯಲ್ಲಿ ದೂರ ಹೇಳುವ ಉಪಕರಣಗಳಿವೆ. ಕಣ್ಣಿನ ಉದ್ದ ಅಳೆಯುವ ಈಚಿನ ಯಂತ್ರಗಳೂ ಹೀಗೇ ಬಣ್ಣ ಸರಿಸುತ್ತವೆ. ಮನುಷ್ಯನ ಕಣ್ಣು ನಿಂತಲ್ಲಿ ನಿಲ್ಲದ ಗುರಿ, ಹಾಗಾಗಿ ಅಲ್ಲಿ ಸರಿಸುವಿಕೆ ಕಣ್ಣೆವೆ ಇಕ್ಕುವುದಕ್ಕಿಂತ ಬೇಗ ಮುಗಿಯಬೇಕು.

ಎಣಿಕೆಯೇ ಬೇಡ ಎಂದವರು

ಕಣ್ಣಿನ ಉದ್ದವನ್ನು ಇಂಟರ್‌ಫೆರೋಮೀಟರಿನಿಂದ ಅಳೆಯಲು 1980ರ ದಶಕದಲ್ಲಿ ಮುಂದಾದವರು ಆಸ್ಟ್ರಿಯಾದ ಭೌತವಿಜ್ಞಾನಿ ಅಡಾಲ್ಫ್ ಫೆರ್ಶರ್. ಅವರು ಹಿಡಿದ ದಾರಿ ಮೂರನೆಯದು. ಹಲವು ಬಣ್ಣ ಬೆರೆತ, ಬೇಗ ತಾಳ ತಪ್ಪುವ ಬೆಳಕಿನಲ್ಲಿ ಪಟ್ಟೆಗಳು ಮೂಡುವುದು ಎರಡೂ ದಾರಿಗಳು ಸರಿಸಮವಾದಾಗ ಮಾತ್ರ. ಪಟ್ಟೆ ಕಂಡಿತೆಂದರೆ ವ್ಯತ್ಯಾಸ ಸೊನ್ನೆ. ಅಲ್ಲಿಗೆ ಕಳೆದುಹೋದ ಪೂರ್ಣಾಂಕದ ತಂಟೆಯೇ ಇಲ್ಲ.

ಇದನ್ನೇ ಮೈದಾನದಲ್ಲಿ ಮಾಡಿ ತೋರಿಸಿದವನು ಫಿನ್ಲೆಂಡಿನ ಯೂರ್ಯೋ ವೈಸಾಲಾ. 1923ರಲ್ಲಿ ಅವನು ಸೂಚಿಸಿದ ವಿಧಾನದಲ್ಲಿ ಲೇಸರ್ ಇಲ್ಲ, ಬಿಳಿ ಬೆಳಕೇ ಸಾಕು. ಒಂದು ಮೀಟರಿನ ಕ್ವಾರ್ಟ್ಜ್ ಸರಳಿನಿಂದ ಶುರುಮಾಡಿ ಅದನ್ನು 6ಕ್ಕೆ, 24ಕ್ಕೆ, 72ಕ್ಕೆ, 216ಕ್ಕೆ, 432ಕ್ಕೆ, ಕೊನೆಗೆ 864 ಮೀಟರಿಗೆ ಬೆಳಕಿನಿಂದಲೇ ಗುಣಿಸುತ್ತಾ ಹೋಗುವುದು. ಫಿನ್ಲೆಂಡಿನ ನುಮ್ಮೆಲಾದಲ್ಲಿ 1947ರಿಂದ ಹೀಗೆ ಅಳೆದ 864 ಮೀಟರಿನ ಗೆರೆ, ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತಪ್ಪದ ಮಾನಕವಾಗಿ, ಭೂಮಾಪನದ ಉಪಕರಣಗಳನ್ನು ಒರೆಗೆ ಹಚ್ಚುವ ಜಾಗವಾಯಿತು.

ಹೊಸ ಶತಮಾನ ತಂದದ್ದು ಆವೃತ್ತಿ ಬಾಚಣಿಗೆ. ಅತಿ ಕಿರು ಮಿಣುಕುಗಳನ್ನು ಒಂದೇ ಲಯದಲ್ಲಿ ಸೂಸುವ ಲೇಸರಿನ ಬೆಳಕನ್ನು ಬಿಡಿಸಿ ನೋಡಿದರೆ ಅದರಲ್ಲಿ ಲಕ್ಷಾಂತರ ಬಣ್ಣಗಳು ಸಮಾನ ಅಂತರದಲ್ಲಿ ಬಾಚಣಿಗೆಯ ಹಲ್ಲಿನಂತೆ ನಿಂತಿರುತ್ತವೆ. ಲಯವನ್ನು ಪರಮಾಣು ಗಡಿಯಾರಕ್ಕೆ ಕಟ್ಟಿದರೆ ಪ್ರತಿ ಹಲ್ಲಿನ ಆವೃತ್ತಿಯೂ ಗೊತ್ತು. ಇದನ್ನು ಸಾಧಿಸಿದ್ದಕ್ಕೆ ಜಾನ್ ಹಾಲ್ ಮತ್ತು ಥಿಯೋಡರ್ ಹೆನ್ಶ್ 2005ರ ಭೌತವಿಜ್ಞಾನ ನೊಬೆಲಿನಲ್ಲಿ ಪಾಲು ಪಡೆದರು. ಜಪಾನಿನ ಕವೊರು ಮಿನೊಶಿಮಾ ಮತ್ತು ಹಿರೊಕಾಜು ಮಾತ್ಸುಮೊಟೊ 2000ದಲ್ಲೇ ಇಂಥ ಲೇಸರಿನಿಂದ ಸುರಂಗವೊಂದರಲ್ಲಿ 240 ಮೀಟರ್ ಅಳೆದಿದ್ದರು. 2009ರಲ್ಲಿ ಅಮೆರಿಕದ ಬೌಲ್ಡರಿನಲ್ಲಿ ಇಯಾನ್ ಕಾಡಿಂಗ್ಟನ್ ಮತ್ತು ಸಂಗಡಿಗರು ಲಯ ಒಂದಿಷ್ಟೇ ಬೇರೆಯಾದ ಎರಡು ಬಾಚಣಿಗೆಗಳನ್ನು ಎದುರುಬದುರು ಇಟ್ಟರು. ಮಿಣುಕಿನ ಸಮಯದಿಂದ ಒರಟು ದೂರ, ಅಲೆಯ ಶೇಷದಿಂದ ನಯವಾದ ದೂರ, ಎರಡೂ ಒಂದೇ ಏಟಿಗೆ ಬಂದವು. ಸೆಕೆಂಡಿನ ಐದು ಸಾವಿರದ ಒಂದು ಭಾಗದಲ್ಲಿ 3 ಮೈಕ್ರಾನ್. 60 ಮಿಲಿಸೆಕೆಂಡ್ ಸರಾಸರಿ ತೆಗೆದರೆ 5 ನ್ಯಾನೊಮೀಟರ್. ಗೊಂದಲವಿಲ್ಲದ ವ್ಯಾಪ್ತಿ ಒಂದೂವರೆ ಮೀಟರ್. ಬಾಚಣಿಗೆಗಳ ಪಾತ್ರ ಅದಲುಬದಲು ಮಾಡಿದರೆ ಅದೂ ಕಿಲೋಮೀಟರುಗಳಿಗೆ ಹಿಗ್ಗುತ್ತದೆ.

ಮಂಗಳೂರಿನ ಮೀಟರ್, ಬೆಂಗಳೂರಿನ ಮೀಟರ್

ಇಷ್ಟೆಲ್ಲ ಆದಮೇಲೂ ಒಬ್ಬ ಎದುರಾಳಿ ಉಳಿದಿದ್ದಾನೆ: ಗಾಳಿ. ಮೀಟರಿನ ವ್ಯಾಖ್ಯೆ ನಿರ್ವಾತದ್ದು, ಕೆಲಸ ಮಾಡುವುದು ಗಾಳಿಯಲ್ಲಿ. ಗಾಳಿಯ ವಕ್ರೀಭವನ ಸೂಚ್ಯಂಕ ಸುಮಾರು 1.00027. ಉಷ್ಣತೆ ಒಂದು ಡಿಗ್ರಿ ಏರಿದರೆ ತರಂಗಾಂತರ ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾಗುತ್ತದೆ. ಒತ್ತಡ ಒಂದು ಹೆಕ್ಟೊಪಾಸ್ಕಲ್ ಬದಲಾದರೆ ಹತ್ತು ಲಕ್ಷದಲ್ಲಿ 0.27 ಪಾಲು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸರಿಸುಮಾರು 100 ಹೆಕ್ಟೊಪಾಸ್ಕಲ್ ಕಡಿಮೆ. ಎರಡೂ ಊರಿನ ಪ್ರಯೋಗಾಲಯಗಳನ್ನು ಇಪ್ಪತ್ತೇ ಡಿಗ್ರಿಯಲ್ಲಿಟ್ಟರೂ ಅದೇ ಕೆಂಪು ಲೇಸರಿನ ಅಲೆ ಬೆಂಗಳೂರಿನಲ್ಲಿ ಹತ್ತು ಲಕ್ಷದಲ್ಲಿ 27 ಪಾಲು ಉದ್ದ. ಸಮುದ್ರಮಟ್ಟದ ಒತ್ತಡವನ್ನೇ ಯಂತ್ರಕ್ಕೆ ಹೇಳಿ ಬೆಂಗಳೂರಿನಲ್ಲಿ ಅಳೆದರೆ ಪ್ರತಿ ಮೀಟರಿಗೂ 27 ಮೈಕ್ರಾನ್ ಕಡಿಮೆ ಬರುತ್ತದೆ. ಲೇಸರ್ ಹನ್ನೊಂದು ಅಂಕಿಗಳವರೆಗೆ ನಿಷ್ಠವಾಗಿದ್ದರೂ ಉತ್ತರ ಐದನೆಯ ಅಂಕಿಯಲ್ಲೇ ಜಾರಿತು. ಲೇಸರ್ ಇಂಟರ್‌ಫೆರೋಮೀಟರಿನ ಜೊತೆ ಉಷ್ಣತೆ, ಒತ್ತಡ, ತೇವಾಂಶ ಅಳೆಯುವ ಪುಟ್ಟ ಪೆಟ್ಟಿಗೆಯೊಂದು ಬರುವುದು ಇದಕ್ಕೇ. ಆ ಓದುಗಳನ್ನು ಸೂಚ್ಯಂಕಕ್ಕೆ ಬದಲಿಸುವ ಸೂತ್ರಗಳಿಗೆ ಎಡ್ಲೆನ್, ಸಿಡರ್ ಎಂಬ ವಿಜ್ಞಾನಿಗಳ ಹೆಸರಿದೆ. ಅಳೆಯುವ ವಸ್ತುವಿನದೂ ಪ್ರತ್ಯೇಕ ರಗಳೆ: ಒಂದು ಮೀಟರ್ ಉಕ್ಕು ಡಿಗ್ರಿಗೆ ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತದೆ.

ಉಷ್ಣತೆಯ ಈ ಕಾಟ ಬೆಂಗಳೂರಿಗೆ ಹಳೆಯ ಪರಿಚಯ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಕೊನೆಯ ತಿಂಗಳುಗಳಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ನೂರಡಿಯ ಉಕ್ಕಿನ ಸರಪಳಿಯಿಂದ ಅಳೆದಿದ್ದ. ಮುಂದೆ ಮದರಾಸಿನಿಂದ ಹಿಮಾಲಯದವರೆಗೆ ಬೆಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅದು ಮುನ್ನುಡಿ. ಬಿಸಿಲಿಗೆ ಸರಪಳಿ ಹಿಗ್ಗುವುದನ್ನು ಲೆಕ್ಕ ಹಿಡಿಯಲು ಅವನು ಥರ್ಮಾಮೀಟರುಗಳನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ಸರಪಳಿ ಹೋಗಿ ಲೇಸರ್ ಬಂದರೂ ಥರ್ಮಾಮೀಟರಿಗೆ ನಿವೃತ್ತಿ ಸಿಕ್ಕಿಲ್ಲ. ಕಿಲೋಮೀಟರ್ ಉದ್ದದ ದಾರಿಯಲ್ಲಿ ಬಿಸಿಲು-ನೆರಳು ಬೆರೆತಿರುತ್ತವೆ. ಸರಾಸರಿ ಉಷ್ಣತೆ ಒಂದು ಡಿಗ್ರಿ ತಪ್ಪಿದರೆ ಒಂದು ಮಿಲಿಮೀಟರ್ ಹೋಯಿತು. ಎರಡು ಬಣ್ಣಗಳನ್ನು ಒಟ್ಟಿಗೆ ಕಳಿಸಿ, ಗಾಳಿ ಒಂದನ್ನು ಇನ್ನೊಂದಕ್ಕಿಂತ ಎಷ್ಟು ತಡೆಯಿತೆಂದು ನೋಡಿ, ಗಾಳಿಯ ಬಾಯಿಂದಲೇ ಅದರ ಲೆಕ್ಕ ಹೇಳಿಸುವ ವಿಧಾನವೂ ಇದೆ. ಅದರಲ್ಲಿ ಓದಿನ ತಪ್ಪುಗಳು ಹತ್ತಾರು ಪಟ್ಟು ಹಿಗ್ಗುವುದರಿಂದ ಪ್ರತಿ ಶೇಷವನ್ನೂ ಅಷ್ಟೇ ಪಟ್ಟು ಹುಷಾರಾಗಿ ಓದಬೇಕಾಗುತ್ತದೆ.

ಬಾಹ್ಯಾಕಾಶದಲ್ಲಿ ಅದೇ ಪ್ರಶ್ನೆ

ಗಾಳಿಯೇ ಇಲ್ಲದ ಕಡೆ ಏನಾಗುತ್ತದೆ? 2018ರ ಮೇ 22ರಂದು ಹಾರಿದ ಗ್ರೇಸ್ ಫಾಲೋ-ಆನ್ ಉಪಗ್ರಹಗಳ ಜೋಡಿ ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತದೆ. ನಡುವಿನ ಲೇಸರ್ ಆ ಅಂತರದ ಏರಿಳಿತವನ್ನು ನ್ಯಾನೊಮೀಟರ್ ಲೆಕ್ಕದಲ್ಲಿ ಹಿಡಿಯುತ್ತದೆ. ಕೆಳಗೆ ಅಂತರ್ಜಲ ಬರಿದಾಯಿತೇ, ಹಿಮ ಕರಗಿತೇ ಎಂಬುದು ಗುರುತ್ವದ ವ್ಯತ್ಯಾಸವಾಗಿ ಅದಕ್ಕೆ ತಿಳಿಯುತ್ತದೆ. ಆ ಲೇಸರಿಗೂ ಒಟ್ಟು ಅಂತರ ಗೊತ್ತಿಲ್ಲ. ಬದಲಾವಣೆ ಸಾಕಾದ್ದರಿಂದ ನಡೆಯುತ್ತದೆ.

ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಕೈಗೆತ್ತಿಕೊಂಡ ಲೀಸಾ ಯೋಜನೆಗೆ ಹಾಗೆ ಸಾಕಾಗುವುದಿಲ್ಲ. 25 ಲಕ್ಷ ಕಿಲೋಮೀಟರ್ ಬದಿಗಳ ತ್ರಿಕೋನದಲ್ಲಿ ತೇಲುವ ಮೂರು ನೌಕೆಗಳು ಗುರುತ್ವ ಅಲೆಗಳನ್ನು ಹುಡುಕಬೇಕು. ಬದಿಗಳು ಸಮವಾಗಿ ನಿಲ್ಲುವುದಿಲ್ಲ, ಲೇಸರಿನದೇ ಗದ್ದಲ ಅಲೆಯನ್ನು ಮುಚ್ಚಿಹಾಕುತ್ತದೆ. ಆ ಗದ್ದಲವನ್ನು ಕಂಪ್ಯೂಟರಿನಲ್ಲಿ ಕಳೆಯಬೇಕಾದರೆ ಪ್ರತಿ ಬದಿಯ ನಿರಪೇಕ್ಷ ಉದ್ದ ಒಂದು ಮೀಟರಿನ ಆಸುಪಾಸಿಗಾದರೂ ಗೊತ್ತಿರಬೇಕು. ಅದಕ್ಕೆಂದೇ ಲೇಸರಿನ ಮೇಲೆ ಸಂಕೇತದ ಸರಣಿಯೊಂದನ್ನು ಹೊರಿಸಿ ಕಳಿಸುವ ಏರ್ಪಾಡಿದೆ. ಪರಮಾಣುವಿಗಿಂತ ಚಿಕ್ಕ ಬದಲಾವಣೆ ಕಾಣಬೇಕಾದರೂ ಮೊದಲು ಒರಟಾದ ಒಟ್ಟು ದೂರ ಕೈಯಲ್ಲಿರಬೇಕು.

ಅಳತೆಯ ಯಂತ್ರ ಮಾರುವವರು ದಶಮಾಂಶ ಬಿಂದುವಿನ ಬಲಕ್ಕೆ ಅಂಕಿಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಕರಪತ್ರದಲ್ಲಿ ನ್ಯಾನೊಮೀಟರ್ ಎಂಬ ಪದ ದಪ್ಪಕ್ಷರದಲ್ಲಿರುತ್ತದೆ. ಅಳೆದೂ ಸುರಿದೂ ಅಂಥದೊಂದನ್ನು ಕೊಳ್ಳುವ ಕಾರ್ಖಾನೆ, ಆಸ್ಪತ್ರೆ, ಪ್ರಯೋಗಾಲಯ ಯಾವುದೇ ಇರಲಿ, ಮೊದಲು ಕೇಳಬೇಕಾದವು ಮೂರು ಪ್ರಶ್ನೆ. ಪೂರ್ಣಾಂಕವನ್ನು ಈ ಯಂತ್ರ ಯಾವ ಆಧಾರದ ಮೇಲೆ ಹೇಳುತ್ತದೆ? ಅಳೆಯುತ್ತಿರುವಾಗ ಗುರಿ ಅಲುಗಿದರೆ ಅದಕ್ಕೆ ಗೊತ್ತಾಗುತ್ತದೆಯೇ? ಗಾಳಿಯ ಲೆಕ್ಕವನ್ನು ಎಲ್ಲಿಂದ ತರುತ್ತದೆ? ಮೂರಕ್ಕೂ ನೆಟ್ಟಗಿನ ಉತ್ತರ ಬಂದರೆ ಆಮೇಲೆ ದಶಮಾಂಶದ ಮಾತು. ಶೇಷವನ್ನು ಬೆಳಕು ಸುಲಭವಾಗಿ ಕೊಡುತ್ತದೆ. ಯಂತ್ರಕ್ಕೆ ದುಡ್ಡು ಕೊಡುತ್ತಿರುವುದು ಭಾಗಲಬ್ಧಕ್ಕೆ.